ವುಡ್ರೋ ವಿಲ್ಸನ್

ಥಾಮಸ್ ವುಡ್ರೋ ವಿಲ್ಸನ್ (28 ಡಿಸೆಂಬರ್ 1856 – 3 ಫೆಬ್ರವರಿ 1924) ಅಮೆರಿಕ ಸಂಯುಕ್ತ ಸಂಸ್ಥಾನದ 28ನೆಯ ಅಧ್ಯಕ್ಷರು ಹಾಗೂ ರಾಜ್ಯಶಾಸ್ತ್ರದ ವಿದ್ವಾಂಸರು. 1913ರಿಂದ 1921ರವರೆಗೆ ಅಧ್ಯಕ್ಷ ಪದವಿಯಲ್ಲಿದ್ದರು. ಪಿಎಚ್.ಡಿ. ಪಡೆದ ಏಕೈಕ ಅಮೆರಿಕ ಅಧ್ಯಕ್ಷರು ಇವರು. ಸಾರ್ವಜನಿಕ ಆಡಳಿತವನ್ನು ಪ್ರತ್ಯೇಕ ಅಧ್ಯಯನ ವಿಷಯವಾಗಿ ರೂಪಿಸಿದವರಲ್ಲಿ ಇವರ ಹೆಸರು ಮೊದಲಿಗೆ ಬರುತ್ತದೆ.

ಬಾಲ್ಯ ಮತ್ತು ಶಿಕ್ಷಣ

ವಿಲ್ಸನ್ ವರ್ಜೀನಿಯಾ ರಾಜ್ಯದ ಸ್ಟಾಂಟನ್ ಪಟ್ಟಣದಲ್ಲಿ ಜನಿಸಿದರು. ತಂದೆ ಜೋಸೆಫ್ ರಗಲ್ಸ್ ವಿಲ್ಸನ್ ಪ್ರೆಸ್ಬಿಟೇರಿಯನ್ ಪಂಥದ ಪಾದ್ರಿ. ತಾಯಿ ಜೆಸ್ಸಿ ವುಡ್ರೋ. ಬಾಲ್ಯವು ಜಾರ್ಜಿಯಾದ ಆಗಸ್ಟಾದಲ್ಲಿ ಅಂತರ್ಯುದ್ಧದ ನೆರಳಿನಲ್ಲಿ ಕಳೆಯಿತು. ಓದು ಅವರಿಗೆ ತಡವಾಗಿ ಒಲಿಯಿತು. ಹತ್ತು ವರ್ಷದ ಹೊತ್ತಿಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ಅವರು ಶೀಘ್ರಲಿಪಿಯನ್ನು ಸ್ವಂತವಾಗಿ ಕಲಿತರು.

1879ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪದವಿ ಪಡೆದರು. ಅದೇ ವರ್ಷ ಮಂತ್ರಿಮಂಡಲ ಪದ್ಧತಿಯನ್ನು ಕುರಿತ ಅವರ ಪ್ರಬಂಧವು ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಸ್ವೀಕರಿಸಿದ ಸಂಪಾದಕ ಹೆನ್ರಿ ಕ್ಯಾಬಟ್ ಲಾಡ್ಜ್ ನಾಲ್ವತ್ತು ವರ್ಷಗಳ ನಂತರ ವಿಲ್ಸನ್ನರ ಪ್ರಬಲ ಎದುರಾಳಿಯಾದರು.

ವಕೀಲಿಯಿಂದ ಉನ್ನತ ವ್ಯಾಸಂಗಕ್ಕೆ

ರಾಜಕೀಯಕ್ಕೆ ಕಾನೂನೇ ಹೆಬ್ಬಾಗಿಲು ಎಂಬ ನಂಬಿಕೆಯಿಂದ ವಿಲ್ಸನ್ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಓದಿದರು. ಅನಾರೋಗ್ಯದಿಂದ ಅದನ್ನು ಅರ್ಧಕ್ಕೆ ಬಿಟ್ಟು, ಮನೆಯಲ್ಲಿಯೇ ಅಭ್ಯಾಸ ಮುಂದುವರಿಸಿ, 1882ರಲ್ಲಿ ಅಟ್ಲಾಂಟಾದಲ್ಲಿ ವಕೀಲಿ ಆರಂಭಿಸಿದರು. ಕಕ್ಷಿದಾರರು ವಿರಳವಾಗಿದ್ದರು, ನ್ಯಾಯಾಲಯದ ನಿತ್ಯದ ಕೆಲಸವೂ ಅವರಿಗೆ ಬೇಸರ ತಂದಿತು. ಸರ್ಕಾರ ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಬೇಕೆಂಬ ಹಂಬಲಕ್ಕೆ ವಕೀಲಿಯಲ್ಲಿ ಎಡೆಯಿರಲಿಲ್ಲ.

1883ರಲ್ಲಿ ಅವರು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಕೇವಲ ಏಳು ವರ್ಷಗಳ ಹಿಂದೆ ಆರಂಭವಾಗಿದ್ದ ಈ ಸಂಸ್ಥೆ ಜರ್ಮನ್ ಮಾದರಿಯ ಸಂಶೋಧನೆಗೆ ಹೆಸರಾಗಿತ್ತು. ಆಯ್ಕೆ ನಿಷ್ಕಂಟಕವಾಗಿರಲಿಲ್ಲ. ಎಲೆನ್ ಆ್ಯಕ್ಸನ್ ಅವರೊಡನೆ ವಿವಾಹ ನಿಶ್ಚಯವಾಗಿತ್ತು, ಸಂಪಾದನೆಯಿರಲಿಲ್ಲ, ತಂದೆಯ ನೆರವನ್ನೇ ನೆಚ್ಚಬೇಕಾಗಿತ್ತು. ಅಲ್ಲದೆ ಇತಿಹಾಸ ವಿಭಾಗದಲ್ಲಿ ಹರ್ಬರ್ಟ್ ಬ್ಯಾಕ್ಸ್ಟರ್ ಆ್ಯಡಮ್ಸ್ ವಿದ್ಯಾರ್ಥಿಗಳಿಂದ ಸ್ಥಳೀಯ ಸಂಸ್ಥೆಗಳ ಹಳೆಯ ದಾಖಲೆಗಳನ್ನು ಶೋಧಿಸುವ ಕೆಲಸ ಮಾಡಿಸುತ್ತಿದ್ದರು. ವಿಲ್ಸನ್ ತಮ್ಮ ಆಸಕ್ತಿ ಬೇರೆಯೆಂದು ಗುರುಗಳಲ್ಲಿ ನೇರವಾಗಿ ನಿವೇದಿಸಿಕೊಂಡರು. ಆ್ಯಡಮ್ಸ್ ಅನುಮತಿ ನೀಡಿದರು. ಅದರ ಫಲವೇ 1885ರಲ್ಲಿ ಪ್ರಕಟವಾದ 'ಕಾಂಗ್ರೆಷನಲ್ ಗವರ್ನ್‌ಮೆಂಟ್' ಗ್ರಂಥ. ಅಮೆರಿಕದ ಶಾಸನಸಭೆಯ ನೈಜ ಅಧಿಕಾರವು ಅದರ ಸಮಿತಿಗಳಲ್ಲಿ ಅಡಗಿದೆ ಎಂಬುದು ಅದರ ಮುಖ್ಯ ವಾದ. ರಾಜಧಾನಿ ವಾಷಿಂಗ್ಟನ್ ಹತ್ತಿರದಲ್ಲಿಯೇ ಇದ್ದರೂ ಲೇಖಕರು ಒಮ್ಮೆಯೂ ಸಭೆಯನ್ನು ನೋಡದೆ ಈ ಗ್ರಂಥವನ್ನು ಬರೆದರು.

ಪಿಎಚ್.ಡಿ. ಪಡೆಯುವ ಉದ್ದೇಶ ಅವರಿಗೆ ಮೊದಲು ಇರಲಿಲ್ಲ. ಅಧ್ಯಾಪಕ ವೃತ್ತಿಗೆ ಅದು ಅನುಕೂಲವೆಂದು ಮನಗಂಡ ಮೇಲೆ ಅದೇ ಗ್ರಂಥವನ್ನು ಪ್ರಬಂಧವಾಗಿ ಸಲ್ಲಿಸಿ 1886ರಲ್ಲಿ ಪದವಿ ಪಡೆದರು.

ಆಡಳಿತದ ಅಧ್ಯಯನ

ಆ ಕಾಲದಲ್ಲಿ ಅಮೆರಿಕದ ಸರ್ಕಾರಿ ಹುದ್ದೆಗಳು ಗೆದ್ದ ಪಕ್ಷದ ಬೆಂಬಲಿಗರಿಗೆ ಹಂಚಿಕೆಯಾಗುತ್ತಿದ್ದವು. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್ ಹುದ್ದೆ ಸಿಗದೆ ನಿರಾಶನಾದವನೊಬ್ಬನ ಗುಂಡಿಗೆ ಬಲಿಯಾದರು. 1883ರ ಪೆಂಡಲ್ಟನ್ ಕಾಯಿದೆಯು ಕೆಲವು ಹುದ್ದೆಗಳಿಗೆ ಪರೀಕ್ಷೆಯ ಮೂಲಕ ನೇಮಕಾತಿಯನ್ನು ಜಾರಿಗೆ ತಂದಿತು. ನೌಕರರ ಆಯ್ಕೆ ಸುಧಾರಿಸಿದರೆ ಸಾಲದು, ಕೆಲಸದ ವಿಧಾನವೂ ಶಾಸ್ತ್ರೀಯವಾಗಬೇಕು ಎಂಬುದು ವಿಲ್ಸನ್ನರ ನಿಲುವಾಗಿತ್ತು.

1887ರ ಜೂನ್‌ನಲ್ಲಿ ಪ್ರಕಟವಾದ 'ದಿ ಸ್ಟಡಿ ಆಫ್ ಅಡ್ಮಿನಿಸ್ಟ್ರೇಷನ್' ಲೇಖನದಲ್ಲಿ ಅವರು ಇದನ್ನು ಪ್ರತಿಪಾದಿಸಿದರು. ನೀತಿಯನ್ನು ನಿರ್ಧರಿಸುವುದು ರಾಜಕೀಯದ ಕೆಲಸ, ಅದನ್ನು ದಕ್ಷತೆಯಿಂದ ಕಾರ್ಯಗತಗೊಳಿಸುವುದು ಆಡಳಿತದ ಕೆಲಸ. ಇವೆರಡರ ಕ್ಷೇತ್ರಗಳು ಬೇರೆ ಬೇರೆ ಎಂದರು. ಪ್ರಶ್ಯ ಮತ್ತು ಫ್ರಾನ್ಸ್‌ಗಳ ಆಡಳಿತ ಕ್ರಮವನ್ನು ಅವುಗಳ ರಾಜಕೀಯ ಉದ್ದೇಶಗಳನ್ನು ಒಪ್ಪದೆಯೂ ಕಲಿಯಬಹುದೆಂದು ವಾದಿಸಿದರು. ಲೇಖನವು ಆಗ ಹೆಚ್ಚು ಗಮನ ಸೆಳೆಯಲಿಲ್ಲ. ದಶಕಗಳ ನಂತರ ಈ ವಿಷಯದ ಮೂಲಪಾಠವೆನಿಸಿತು.

ಬ್ರಿನ್ ಮಾರ್ ಮತ್ತು ವೆಸ್ಲಿಯನ್ ಸಂಸ್ಥೆಗಳಲ್ಲಿ ಬೋಧಿಸಿದ ಬಳಿಕ 1890ರಲ್ಲಿ ಅವರು ಪ್ರಿನ್ಸ್‌ಟನ್‌ನಲ್ಲಿ ಪ್ರಾಧ್ಯಾಪಕರಾದರು.

ಪ್ರಿನ್ಸ್‌ಟನ್‌ನ ಅಧ್ಯಕ್ಷತೆ

1902ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ವಿಲ್ಸನ್, 1905ರಲ್ಲಿ ಸುಮಾರು 50 ತರುಣ ಅಧ್ಯಾಪಕರನ್ನು ನೇಮಿಸಿ ಸಣ್ಣ ಗುಂಪುಗಳ ಬೋಧನೆಯನ್ನು ಆರಂಭಿಸಿದರು. ಸ್ನಾತಕೋತ್ತರ ಕಾಲೇಜು ಎಲ್ಲಿರಬೇಕು ಎಂಬ ಪ್ರಶ್ನೆಯಲ್ಲಿ ಮಾತ್ರ ಸೋತರು. ಅದು ಆವರಣದ ನಡುವೆ, ಕಿರಿಯ ವಿದ್ಯಾರ್ಥಿಗಳ ಒಡನಾಟದಲ್ಲಿ ಇರಬೇಕೆಂಬುದು ಅವರ ಇಚ್ಛೆ. ದೂರದಲ್ಲಿ ಪ್ರತ್ಯೇಕವಾಗಿರಬೇಕೆಂಬುದು ಡೀನ್ ಆ್ಯಂಡ್ರೂ ವೆಸ್ಟ್ ಅವರ ಹಟ. 1910ರಲ್ಲಿ ಭಾರಿ ದತ್ತಿಯೊಂದು ವೆಸ್ಟ್ ಅವರ ಯೋಜನೆಗೆ ದೊರೆತಾಗ ವಿವಾದ ಮುಗಿಯಿತು. ಅದೇ ವರ್ಷ ವಿಲ್ಸನ್ ರಾಜಕೀಯ ಪ್ರವೇಶಿಸಿ ನ್ಯೂಜೆರ್ಸಿಯ ರಾಜ್ಯಪಾಲರಾಗಿ ಆಯ್ಕೆಯಾದರು.

ಅಧಿಕಾರದಲ್ಲಿ

ಅಧ್ಯಕ್ಷರಾಗಿ ಅವರು 1913ರಲ್ಲಿ ಫೆಡರಲ್ ರಿಸರ್ವ್ ಬ್ಯಾಂಕ್ ವ್ಯವಸ್ಥೆಯನ್ನೂ 1914ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ನನ್ನೂ ಸ್ಥಾಪಿಸುವ ಕಾಯಿದೆಗಳಿಗೆ ಸಹಿ ಹಾಕಿದರು. ತಜ್ಞರ ಆಡಳಿತವನ್ನು ಕುರಿತ ಅವರ ನಂಬಿಕೆಗೆ ಇವು ಒಪ್ಪುವಂತಿದ್ದವು.

ಅದೇ ಸರ್ಕಾರ ತನ್ನ ಕಚೇರಿಗಳಲ್ಲಿ ವರ್ಣಭೇದಕ್ಕೂ ಅವಕಾಶ ನೀಡಿತು. ಖಜಾನೆ, ಅಂಚೆ ಮೊದಲಾದ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಪ್ರತ್ಯೇಕಿಸಲಾಯಿತು. 1914ರಿಂದ ಅರ್ಜಿಯೊಂದಿಗೆ ಭಾವಚಿತ್ರ ಕಡ್ಡಾಯವಾಯಿತು. ಆಕ್ಷೇಪಿಸಲು ಬಂದ ಪತ್ರಕರ್ತ ವಿಲಿಯಂ ಮನ್ರೋ ಟ್ರಾಟರ್ ಅವರನ್ನು ವಿಲ್ಸನ್ ಕೋಪದಿಂದ ಹೊರಕಳುಹಿಸಿದರು. ನೇಮಕಾತಿಗೆ ಅರ್ಹತೆಯೇ ಮಾನದಂಡವಾಗಬೇಕೆಂಬ ಸುಧಾರಣೆಯ ತತ್ತ್ವವು ಅದನ್ನು ಬೆಂಬಲಿಸಿದವರ ಆಳ್ವಿಕೆಯಲ್ಲಿಯೇ ಮುರಿಯಿತು. ಆಡಳಿತವು ರಾಜಕೀಯದಿಂದ ಬೇರೆಯಾಗಿ ಉಳಿಯಬಲ್ಲದೇ ಎಂಬ ಸಂದೇಹಕ್ಕೆ ಅವರ ಅಧಿಕಾರಾವಧಿಯೇ ನಿದರ್ಶನವಾಯಿತು.

ಕೊನೆಯ ವರ್ಷಗಳು

ಮೊದಲನೆಯ ಮಹಾಯುದ್ಧದ ನಂತರ ರಾಷ್ಟ್ರಸಂಘದ ಸ್ಥಾಪನೆಗೆ ಶ್ರಮಿಸಿದ್ದಕ್ಕಾಗಿ ವಿಲ್ಸನ್ 1919ನೆಯ ಸಾಲಿನ ನೊಬೆಲ್ ಶಾಂತಿ ಪುರಸ್ಕಾರ ಪಡೆದರು. ಆದರೆ ಲಾಡ್ಜ್ ನೇತೃತ್ವದ ವಿರೋಧದಿಂದಾಗಿ ಸೆನೆಟ್ ಸಭೆ ಒಪ್ಪಂದವನ್ನು ತಿರಸ್ಕರಿಸಿತು. 1919ರ ಅಕ್ಟೋಬರ್ 2ರಂದು ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಅವರ ಸ್ಥಿತಿಯನ್ನು ಜನತೆಯಿಂದ ಮರೆಮಾಡಲಾಯಿತು. ಯಾವ ಕಡತ ಅವರನ್ನು ತಲುಪಬೇಕೆಂಬುದನ್ನು ಎರಡನೆಯ ಪತ್ನಿ ಈಡಿತ್ ನಿರ್ಧರಿಸುತ್ತಿದ್ದರು. 1924ರಲ್ಲಿ ವಾಷಿಂಗ್ಟನ್‌ನಲ್ಲಿ ನಿಧನರಾದರು.

ಪ್ರಭಾವ

ವಿಲ್ಸನ್ ನಿಧನರಾದ ವರ್ಷವೇ ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ ಮ್ಯಾಕ್ಸ್‌ವೆಲ್ ಸ್ಕೂಲ್ ಆರಂಭವಾಗಿ, ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿಗೆ ದಾರಿ ತೆರೆಯಿತು. 1930ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸ್ಥಾಪನೆಯಾದ ಸಾರ್ವಜನಿಕ ವ್ಯವಹಾರಗಳ ಶಾಲೆಗೆ 1948ರಲ್ಲಿ ವಿಲ್ಸನ್ನರ ಹೆಸರಿಡಲಾಯಿತು; ಅವರ ವರ್ಣಭೇದ ನೀತಿಯ ಕಾರಣದಿಂದ 2020ರಲ್ಲಿ ಅದನ್ನು ತೆಗೆದುಹಾಕಲಾಯಿತು. ಭಾರತದ ನಾಗರಿಕ ಸೇವಾ ಪರೀಕ್ಷೆಯ ಸಾರ್ವಜನಿಕ ಆಡಳಿತ ಪಠ್ಯಕ್ರಮದ ಪೀಠಿಕೆಯಲ್ಲಿ ಅವರ ಚಿಂತನೆಗೆ ಇಂದಿಗೂ ಸ್ಥಾನವಿದೆ.