ಮತ್ತೆ ಪರೀಕ್ಷೆಗೆ ಕೂತ ಮೆರ್ಮೋಜ್: ಸೇನೆಯ ಪೈಲಟ್ ಟಪಾಲು ಪೈಲಟ್ ಆದ ಕಥೆ

ವಾಯುಪಡೆಯಲ್ಲಿ ಹದಿನೈದು-ಇಪ್ಪತ್ತು ವರ್ಷ ವಿಮಾನ ಹಾರಿಸಿ ಬಂದವರು ಏರ್‌ಲೈನ್‌ನಲ್ಲಿ ಕ್ಯಾಪ್ಟನ್ ಆಗಬೇಕು ಅಂದರೆ ಮತ್ತೆ ಪುಸ್ತಕ ಹಿಡಿದು ಕೂರಬೇಕು. ನ್ಯಾವಿಗೇಶನ್, ಹವಾಮಾನ, ವಿಮಾನಯಾನದ ಕಾನೂನು, ಎಲ್ಲದಕ್ಕೂ ಪರೀಕ್ಷೆ. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್, ಅಂದರೆ ಎಟಿಪಿಎಲ್, ಕೈಗೆ ಬರಬೇಕಾದರೆ 1500 ಗಂಟೆ ಹಾರಾಟದ ಲೆಕ್ಕವನ್ನೂ ತೋರಿಸಬೇಕು. ಅಮೆರಿಕ 2013ರಲ್ಲಿ ಸೇನೆಯ ಪೈಲಟ್‌ಗಳಿಗೆ 750 ಗಂಟೆ ಸಾಕು ಅಂತ ಒಂದು ರಿಯಾಯಿತಿ ಕೊಟ್ಟಿತು. ಆದರೆ ಅದು ಕೋ-ಪೈಲಟ್ ಸೀಟಿಗೆ ಮಾತ್ರ, ಪರೀಕ್ಷೆಯಿಂದ ವಿನಾಯಿತಿ ಅಲ್ಲಿಯೂ ಇಲ್ಲ. ಕತ್ತಲಲ್ಲಿ ಹಿಮಾಲಯ ದಾಟಿದವರಿಗೆ ಇದೇನು ಕಾಟ ಅಂತ ನನಗೂ ಒಂದು ಕಾಲಕ್ಕೆ ಅನ್ನಿಸಿದ್ದುಂಟು. ಎಂಜಿನಿಯರಿಂಗ್ ಓದಿದವನ ಬುದ್ಧಿ ನೋಡಿ, ಔಟ್‌ಪುಟ್ ಸರಿ ಇದ್ದರೆ ಸರ್ಟಿಫಿಕೇಟ್ ಯಾಕೆ ಅನ್ನೋ ಜಾತಿ ನಾವು.

ಆ ಅಭಿಪ್ರಾಯ ಬದಲಾಗಿದ್ದು ಝಾನ್ ಮೆರ್ಮೋಜ್ ಎಂಬ ಫ್ರೆಂಚ್ ಪೈಲಟ್‌ನ ಬದುಕನ್ನು ಓದಿದ ಮೇಲೆ. ಫ್ರಾನ್ಸಿನಲ್ಲಿ ಅವನ ಹೆಸರಿನ ಶಾಲೆಗಳಿವೆ, ಬೀದಿಗಳಿವೆ. ನಮ್ಮಲ್ಲಿ ಅವನಿಗಿಂತ ಅವನ ಸಹೋದ್ಯೋಗಿ, ‘ಪುಟ್ಟ ರಾಜಕುಮಾರ’ ಬರೆದ ಸೇಂಟ್ ಎಕ್ಸುಪೆರಿ ಹೆಚ್ಚು ಗೊತ್ತು. ಇಬ್ಬರೂ ಒಂದೇ ಕಂಪನಿಯಲ್ಲಿ ಟಪಾಲು ಹೊತ್ತವರು.

ಮೆರ್ಮೋಜ್ ಹುಟ್ಟಿದ್ದು 1901ರ ಡಿಸೆಂಬರ್ 9ರಂದು, ಉತ್ತರ ಫ್ರಾನ್ಸಿನ ಓಬಾಂತೋನ್ ಎಂಬ ಊರಲ್ಲಿ. ಅಪ್ಪ-ಅಮ್ಮ ಬೇರೆಯಾಗಿದ್ದರು. ಮೊದಲ ಮಹಾಯುದ್ಧ ಶುರುವಾದಾಗ ಅಮ್ಮ ಜರ್ಮನ್ನರು ಆಕ್ರಮಿಸಿದ ಭಾಗದಲ್ಲಿ ಸಿಕ್ಕಿಕೊಂಡರೆ ಮಗ ಇನ್ನೊಂದು ಕಡೆ. ಆಮೇಲೆ ಆಕೆ ಪ್ಯಾರಿಸ್ಸಿನಲ್ಲಿ ನರ್ಸ್ ಕೆಲಸ ಮಾಡಿ ಮಗನನ್ನು ಓದಿಸಿದರು. ಓದು ಹತ್ತಲಿಲ್ಲ. 1920ರಲ್ಲಿ ಸೇನೆಗೆ ಸೇರಿ, ಇಸ್ತ್ರ್ ಎಂಬಲ್ಲಿನ ತರಬೇತಿ ಶಾಲೆಯಲ್ಲಿ ವಿಮಾನ ಕಲಿತ. ಅಲ್ಲಿ ಯುದ್ಧ ಮುಗಿದ ಮೇಲೆ ಉಳಿದ ಹಳೇ ವಿಮಾನಗಳು, ಕಲಿಯುವವರಲ್ಲಿ ಸಾಯುವವರೂ ಇದ್ದರು. ಮೆರ್ಮೋಜ್ ಕೂಡ ಬಿದ್ದು ಎದ್ದೇ ಕಲಿತವನು. 1921ರ ಆರಂಭದಲ್ಲಿ ಮಿಲಿಟರಿ ಪೈಲಟ್ ಬಿಲ್ಲೆ ಎದೆಗೆ ಬಂತು.

ಆಮೇಲೆ ಅವನೇ ಕೇಳಿ ಸಿರಿಯಾಕ್ಕೆ ಹೋದ. ಆಗ ಅದು ಫ್ರಾನ್ಸಿನ ಹಿಡಿತದಲ್ಲಿತ್ತು, ಮರುಭೂಮಿಯಲ್ಲಿ ದಂಗೆಗಳು ನಡೆಯುತ್ತಿದ್ದವು. ಸುಮಾರು ಹದಿನೆಂಟು ತಿಂಗಳಲ್ಲಿ 600 ಗಂಟೆ ಹಾರಿದ. ಒಮ್ಮೆ ಮರುಭೂಮಿಯಲ್ಲಿ ಎಂಜಿನ್ ಕೆಟ್ಟು ಕೆಳಗಿಳಿದು, ನೀರಿಲ್ಲದೆ ದಿನಗಟ್ಟಲೆ ನಡೆದು ಬದುಕಿ ಬಂದ. ವಾಪಸ್ ಫ್ರಾನ್ಸಿಗೆ ಬಂದರೆ ಕಂಟೋನ್ಮೆಂಟಿನ ಜೀವನ, ಸೆಲ್ಯೂಟು, ಶಿಸ್ತಿನ ಹೆಸರಲ್ಲಿ ಮೇಲಿನವರ ದರ್ಬಾರು. ಸಾಕಾಯಿತು. 1924ರಲ್ಲಿ ಸೇನೆ ಬಿಟ್ಟ.

ಇಲ್ಲಿಂದ ಮುಂದಿನ ಕೆಲವು ತಿಂಗಳು, ಇವತ್ತು ಯಾವುದೇ ಸೇನೆ ಬಿಟ್ಟು ಬಂದ ಪೈಲಟ್ ಓದಿದರೂ ಗುರುತು ಹಿಡಿದಾನು. ಎದೆ ಮೇಲೆ ಬಿಲ್ಲೆ ಇದೆ, ಲಾಗ್‌ಬುಕ್ ತುಂಬಿದೆ, ಕೆಲಸ ಇಲ್ಲ. ಯುದ್ಧ ಮುಗಿದು ಆರು ವರ್ಷವಾಗಿತ್ತು, ಪ್ಯಾರಿಸ್ಸಿನಲ್ಲಿ ಪೈಲಟ್‌ಗಳು ಬೇಕಾದಷ್ಟಿದ್ದರು. ವಿಮಾನ ತಯಾರಿಸುವ ಕಂಪನಿಗಳ ಬಾಗಿಲು ತಟ್ಟಿದ, ಒಂದೂ ತೆರೆಯಲಿಲ್ಲ. ರಾತ್ರಿ ಕಾವಲು ಕಾದ, ಲಕೋಟೆಗಳ ಮೇಲೆ ವಿಳಾಸ ಬರೆದ, ಕಾರು ತೊಳೆದ. ಬಾಡಿಗೆಗೆ ದುಡ್ಡಿಲ್ಲದೆ ನಿರಾಶ್ರಿತರ ಜೊತೆ ಮಲಗಿದ್ದೂ ಉಂಟು.

ಕೊನೆಗೆ ಉತ್ತರ ಬಂದದ್ದು ತುಲೂಸ್ ನಗರದಿಂದ. ಅಲ್ಲಿ ಪಿಯೆರ್ ಲಾತೆಕೋಯೆರ್ ಎಂಬ ಉದ್ಯಮಿ ಟಪಾಲು ವಿಮಾನಗಳ ಮಾರ್ಗ ನಡೆಸುತ್ತಿದ್ದ. 1918ರ ಕ್ರಿಸ್‌ಮಸ್ ದಿನ ತುಲೂಸ್‌ನಿಂದ ಬಾರ್ಸಿಲೋನಾಕ್ಕೆ ಮೊದಲ ಹಾರಾಟ. ಆಮೇಲೆ ಸ್ಪೇನ್ ದಾಟಿ ಮೊರಾಕೊದ ಕಾಸಾಬ್ಲಾಂಕಾ. ಮುಂದೆ ಆಫ್ರಿಕಾದ ಕರಾವಳಿ ಹಿಡಿದು ಡಕಾರ್, ಅಲ್ಲಿಂದ ಸಮುದ್ರ ದಾಟಿ ದಕ್ಷಿಣ ಅಮೆರಿಕ, ಇದು ಅವನ ಕನಸು. ಆ ಕಂಪನಿಯ ವಿಮಾನ ಯಾವುದು ಗೊತ್ತಾ? ಬ್ರೆಗೆ 14. ಮಹಾಯುದ್ಧದಲ್ಲಿ ಬಾಂಬು ಹಾಕಲು ಮಾಡಿದ ಎರಡು ರೆಕ್ಕೆ ಸಾಲಿನ ಗಾಡಿ. ಬಾಂಬಿನ ಜಾಗದಲ್ಲಿ ಟಪಾಲು ಚೀಲ. ಅಲ್ಲಿಗೆ ಮನುಷ್ಯನೂ ಸೇನೆಯ ಸೆಕೆಂಡ್ ಹ್ಯಾಂಡ್, ಯಂತ್ರವೂ ಸೇನೆಯ ಸೆಕೆಂಡ್ ಹ್ಯಾಂಡ್.

ಹಾರಾಟದ ಉಸ್ತುವಾರಿ ದಿದಿಯೆ ದೋರಾ ಎಂಬವನದ್ದು. ಅವನೂ ಯುದ್ಧದಲ್ಲಿ ಹಾರಿದ್ದವನೇ, ಹಾಗಾಗಿ ಮಿಲಿಟರಿ ಬಿಲ್ಲೆ ನೋಡಿ ಬೆರಗಾಗುವ ಪೈಕಿ ಅಲ್ಲ. 600 ಗಂಟೆ ಹಾರಿದ್ದೇನೆ ಅಂತ ಬಂದ ಮೆರ್ಮೋಜ್‌ನನ್ನು ಅವನು ಮೊದಲು ಕಳಿಸಿದ್ದು ವರ್ಕ್‌ಶಾಪಿಗೆ. ಎಂಜಿನ್ ಬಿಚ್ಚು, ಸಿಲಿಂಡರ್ ತೊಳೆ. ದಿನವೆಲ್ಲ ಕೈ ತುಂಬ ಮಸಿ. ಜಂಬ ಇಳಿಸಲಿಕ್ಕೆ ಹಾಗೆ ಮಾಡಿದ ಅಂತ ಬಹಳ ಮಂದಿ ಬರೆಯುತ್ತಾರೆ. ಇರಬಹುದು. ಆದರೆ ಎಂಜಿನ್ ಕೆಟ್ಟರೆ ಮರುಭೂಮಿಯಲ್ಲಿ ರಿಪೇರಿಗೆ ಯಾರೂ ಸಿಗದ ಮಾರ್ಗ ಅದು. ಸಿಲಿಂಡರಿನ ಒಳಗೆ ಏನಿದೆ ಅಂತ ಗೊತ್ತಿಲ್ಲದವನಿಗೆ ಅಲ್ಲಿ ಕೆಲಸವೂ ಇರಲಿಲ್ಲ.

ನಂತರ ಹಾರಾಟದ ಪರೀಕ್ಷೆ. ಮೊಂತೋದ್ರಾನ್ ಮೈದಾನದಲ್ಲಿ ಮೆರ್ಮೋಜ್ ಮೇಲೇರಿದ. ಸಿಕ್ಕಿದ್ದೇ ಅವಕಾಶ ಅಂತ ತನಗೆ ಬಂದದ್ದನ್ನೆಲ್ಲ ತೋರಿಸಿದ. ಕಡಿದಾದ ತಿರುವು, ಧುಮುಕುವುದು, ನೆಲಕ್ಕೆ ತಾಗುವಷ್ಟು ಹತ್ತಿರ ಬಂದು ಎದ್ದುಹೋಗುವುದು. ಇಳಿದು ನೋಡಿದರೆ ಚಪ್ಪಾಳೆ ಇಲ್ಲ. ನಮಗೆ ಸರ್ಕಸ್ಸಿನವರು ಬೇಡ, ಬಸ್ಸು ಓಡಿಸುವವರು ಬೇಕು ಎಂಬರ್ಥದಲ್ಲಿ ದೋರಾ ಬೈದ. ಮೆರ್ಮೋಜ್ ಸಿಟ್ಟಿನಲ್ಲಿ ಗಂಟುಮೂಟೆ ಕಟ್ಟತೊಡಗಿದ. ಸ್ವಲ್ಪ ಹೊತ್ತಿಗೆ ದೋರಾನೇ ಬಂದು ಇನ್ನೊಂದು ಸಲ ಹಾರು ಅಂದ. ನಿಧಾನಕ್ಕೆ ಏರು, ಅಗಲವಾಗಿ ತಿರುಗು, ನೆಟ್ಟಗೆ ಇಳಿ. ಅಷ್ಟೇ ಮಾಡಿದ, ಕೆಲಸ ಸಿಕ್ಕಿತು.

ಈ ಪ್ರಸಂಗವನ್ನು ಫ್ರೆಂಚರು ತಮಾಷೆಯ ಕಥೆ ಥರ ಹೇಳುತ್ತಾರೆ. ನನಗೆ ಅದು ಇಡೀ ಎಟಿಪಿಎಲ್ ಪರೀಕ್ಷೆಯ ತಿರುಳಾಗಿ ಕಾಣುತ್ತೆ. ಮೆರ್ಮೋಜ್‌ಗೆ ಹಾರಲು ಬರುತ್ತಾ ಅನ್ನೋದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಸೇನೆ ಪೈಲಟ್‌ಗೆ ಕಲಿಸುವುದು ವಿಮಾನವನ್ನು ಅದರ ಮಿತಿಯ ತನಕ ಒಯ್ಯುವುದು, ಯಾಕಂದರೆ ಎದುರಿಗೆ ಶತ್ರು ಇದ್ದಾನೆ. ಏರ್‌ಲೈನ್ ಕೇಳುವುದು ಮಿತಿಯಿಂದ ದೂರ ಇರುವುದನ್ನು, ಅದೂ ನಿನ್ನೆ ಹಾರಿದ ಹಾಗೇ ಇವತ್ತು, ಇವತ್ತು ಹಾರಿದ ಹಾಗೇ ನಾಳೆ. ಅಂತಾರಾಷ್ಟ್ರೀಯ ಮಟ್ಟದಲ್ಲಿ 1919ರ ಪ್ಯಾರಿಸ್ ಒಪ್ಪಂದವೇ ಈ ಗೆರೆ ಎಳೆದಿತ್ತು. ಸಾರ್ವಜನಿಕ ಸಾಗಣೆಯ ವಿಮಾನ ಹಾರಿಸುವವನಿಗೆ ಪ್ರತ್ಯೇಕ ಅರ್ಹತಾಪತ್ರ, ವೈದ್ಯಕೀಯ ತಪಾಸಣೆ ಕಡ್ಡಾಯ. ಕಾಗದದ ಮೇಲಿದ್ದ ಆ ಗೆರೆಯನ್ನು ದೋರಾ ಮೈದಾನದಲ್ಲಿ ಎಳೆದು ತೋರಿಸಿದ.

ಹಾಗಂತ ಮೆರ್ಮೋಜ್ ಮುಂದೆ ಬರೀ ಬಸ್ ಡ್ರೈವರ್ ಆಗಿಯೇ ಉಳಿದ ಅಂದುಕೊಳ್ಳಬೇಡಿ. ಮೊದಲು ಸ್ಪೇನ್ ಮಾರ್ಗ, ಆಮೇಲೆ ಕಾಸಾಬ್ಲಾಂಕಾ-ಡಕಾರ್. 1926ರಲ್ಲಿ ಸಹಾರಾದ ಕರಾವಳಿಯಲ್ಲಿ ಇಳಿಯಬೇಕಾಗಿ ಬಂದು ಅಲ್ಲಿನ ಅಲೆಮಾರಿ ಬುಡಕಟ್ಟಿನವರ ಕೈಗೆ ಸಿಕ್ಕ, ಕಂಪನಿ ಒತ್ತೆಹಣ ಕೊಟ್ಟು ಬಿಡಿಸಿಕೊಂಡಿತು. 1927ರಲ್ಲಿ ಕಂಪನಿ ಕೈ ಬದಲಾಗಿ ‘ಏರೋಪೋಸ್ತಾಲ್’ ಆಯಿತು, ಮೆರ್ಮೋಜ್ ದಕ್ಷಿಣ ಅಮೆರಿಕದ ಮುಖ್ಯ ಪೈಲಟ್ ಆಗಿ ಹೋದ.

ಅಲ್ಲಿ ಒಂದು ಲೆಕ್ಕ ಎಲ್ಲರ ತಲೆ ತಿನ್ನುತ್ತಿತ್ತು. ಹಗಲು ವಿಮಾನ ಗಳಿಸಿದ ಸಮಯವನ್ನು ರಾತ್ರಿ ಕಳೆದುಕೊಳ್ಳುತ್ತಿತ್ತು. ವಿಮಾನ ಸಂಜೆ ನಿಂತರೆ ರೈಲು, ಹಡಗು ರಾತ್ರಿಯಿಡೀ ಓಡುತ್ತಲೇ ಇರುತ್ತವಲ್ಲ. 1928ರ ಏಪ್ರಿಲ್‌ನಲ್ಲಿ ಮೆರ್ಮೋಜ್ ರಾತ್ರಿ ಹಾರಾಟ ಶುರು ಮಾಡಿದ. ರನ್‌ವೇ ದೀಪ ಅನ್ನೋದೇನೂ ಇಲ್ಲ, ಪೆಟ್ರೋಲ್ ಡಬ್ಬಗಳಿಗೆ ಬೆಂಕಿ ಹಚ್ಚಿ ಇಡುವುದು, ಅದನ್ನು ನೋಡಿ ಇಳಿಯುವುದು. ಆಮೇಲೆ ಆಂಡಿಸ್. ಅವನ ಲಾತೆ 25 ವಿಮಾನಕ್ಕೆ ಶಿಖರಗಳ ಮೇಲೆ ಹಾರುವ ಶಕ್ತಿ ಇರಲಿಲ್ಲ, ಕಣಿವೆಯ ಸಂದಿ ಹುಡುಕಿಕೊಂಡೇ ಹೋಗಬೇಕು. 1929ರ ಮಾರ್ಚ್‌ನಲ್ಲಿ ಕೆಳಮುಖ ಗಾಳಿಗೆ ಸಿಕ್ಕಿ ಸುಮಾರು 4000 ಮೀಟರ್ ಎತ್ತರದ ಕಲ್ಲಿನ ಹಾಸಿನ ಮೇಲೆ ಬಿದ್ದ. ಜೊತೆಗೆ ಮೆಕ್ಯಾನಿಕ್ ಅಲೆಕ್ಸಾಂದ್ರ್ ಕೊಲ್ಲೆನೋ. ಆ ಚಳಿಯಲ್ಲಿ ಕೊಲ್ಲೆನೋ ದಿನಗಟ್ಟಲೆ ಕೂತು, ಸಿಕ್ಕಿದ ಚೂರುಪಾರಿನಲ್ಲಿ ವಿಮಾನವನ್ನು ರಿಪೇರಿ ಮಾಡಿದ. ಕೊನೆಗೆ ಇಬ್ಬರೂ ಅದನ್ನು ಇಳಿಜಾರಿನಲ್ಲಿ ಉರುಳಿಸಿ, ಪ್ರಪಾತದ ಅಂಚಿನಿಂದ ಗಾಳಿಗೆ ಬಿಟ್ಟು ಹಾರಿ ಬಂದರು. ಈ ಕಥೆಯಲ್ಲಿ ಹೀರೋ ಮೆಕ್ಯಾನಿಕ್ ಅಂತ ನನ್ನ ಅಭಿಪ್ರಾಯ, ಆದರೆ ಬೀದಿಗೆ ಹೆಸರಿಡುವಾಗ ಪೈಲಟ್ ಹೆಸರೇ ಮೊದಲು ಬರುತ್ತೆ.

ನನಗೆ ಇದಕ್ಕಿಂತ ಹಿಡಿಸಿದ್ದು 1930ರ ಪ್ರಸಂಗ. ದಕ್ಷಿಣ ಅಟ್ಲಾಂಟಿಕ್ ದಾಟಿ ಟಪಾಲು ಒಯ್ಯಬೇಕಿತ್ತು. ಅಲ್ಲಿಯ ತನಕ ಡಕಾರ್‌ನಿಂದ ಬ್ರೆಜಿಲ್‌ಗೆ ಚೀಲಗಳು ಹೋಗುತ್ತಿದ್ದದ್ದು ಹಡಗಿನಲ್ಲಿ. ಸಮುದ್ರದ ಮೇಲೆ ಹೋಗುವುದಾದರೆ ನೀರಿನ ಮೇಲೆ ಇಳಿಯುವ ವಿಮಾನವೇ ಬೇಕು ಅಂತಾಯಿತು. ಲಾತೆ 28 ವಿಮಾನಕ್ಕೆ ಚಕ್ರದ ಬದಲು ತೇಲುವ ಫ್ಲೋಟ್ ಕಟ್ಟಿದರು. ಮೆರ್ಮೋಜ್ ಆ ಹೊತ್ತಿಗೆ ಆಂಡಿಸ್ ದಾಟಿದ, ರಾತ್ರಿ ಹಾರಾಟ ಶುರು ಮಾಡಿದ, ಪತ್ರಿಕೆಗಳಲ್ಲಿ ಹೆಸರಾದ ಮನುಷ್ಯ. ಆದರೆ ಸೀಪ್ಲೇನ್ ಹಾರಿಸುವ ಅರ್ಹತಾಪತ್ರ ಅವನ ಹತ್ತಿರ ಇರಲಿಲ್ಲ. ಕೂತು ಕಲಿತ, ಪರೀಕ್ಷೆ ಪಾಸು ಮಾಡಿದ. ನೀರಿನಿಂದ ಏಳುವುದು ಬೇರೆಯದೇ ವಿದ್ಯೆ. ನೀರು ವಿಮಾನವನ್ನು ಹಿಡಿದುಕೊಳ್ಳುತ್ತೆ, ಗಾಳಿ ಇಲ್ಲದ ದಿನ ಭಾರ ಹೆಚ್ಚಿದ್ದರೆ ಬಿಡುವುದೇ ಇಲ್ಲ. ಆಮೇಲೆ ಏಪ್ರಿಲ್‌ನಲ್ಲಿ ತಾಲೀಮು ಅಂತ ಒಂದೇ ಸುತ್ತುದಾರಿಯಲ್ಲಿ 30 ಗಂಟೆಗೂ ಹೆಚ್ಚು ಕಾಲ ಇಳಿಯದೆ ಸುತ್ತಿ, 4308 ಕಿಲೋಮೀಟರ್ ವಿಶ್ವದಾಖಲೆ ಮಾಡಿದ.

ಮೇ 12ರಂದು ನ್ಯಾವಿಗೇಟರ್ ದಾಬ್ರಿ, ರೇಡಿಯೋದ ಜಿಮಿಯೆ ಜೊತೆ ಸೆನೆಗಲ್‌ನ ಸೇಂಟ್ ಲೂಯಿಯಿಂದ ಹೊರಟು, ಸುಮಾರು 21 ಗಂಟೆ ಹಾರಿ, ಮರುದಿನ ಬ್ರೆಜಿಲ್‌ನ ನಟಾಲ್‌ನಲ್ಲಿ ಇಳಿದ. ದಕ್ಷಿಣ ಅಟ್ಲಾಂಟಿಕ್ ದಾಟಿದ ಮೊದಲ ಟಪಾಲು ವಿಮಾನ. ಜುಲೈನಲ್ಲಿ ವಾಪಸ್ ಬರುವಾಗ ಆಯಿಲ್ ಸೋರಿ ನಡುಸಮುದ್ರದಲ್ಲಿ ಹಡಗಿನ ಪಕ್ಕ ಇಳಿಸಬೇಕಾಯಿತು. ಮೂವರೂ ಉಳಿದರು, ಚೀಲಗಳೂ ಉಳಿದವು, ವಿಮಾನ ಮುಳುಗಿತು. ಫ್ಲೋಟ್ ಮೇಲೆ ಹಾರಲು ಕಲಿತದ್ದು ಅಂಥ ದಿನಕ್ಕೇ ತಾನೇ.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. 1931ರಲ್ಲಿ ಏರೋಪೋಸ್ತಾಲ್ ದಿವಾಳಿ, 1933ರಲ್ಲಿ ಅದು ಏರ್ ಫ್ರಾನ್ಸ್‌ನಲ್ಲಿ ಸೇರಿತು. ಅದೇ ವರ್ಷ ಜನವರಿಯಲ್ಲಿ ಮೆರ್ಮೋಜ್ ‘ಆರ್ಕ್-ಆಂ-ಸಿಯೆಲ್’ ಎಂಬ ಮೂರು ಎಂಜಿನ್ ವಿಮಾನದಲ್ಲಿ ಮತ್ತೆ ಸಮುದ್ರ ದಾಟಿದ. ರಾಜಕೀಯಕ್ಕೂ ಇಳಿದ. ಕರ್ನಲ್ ದ ಲಾ ರೊಕ್‌ನ ಬಲಪಂಥೀಯ ಸಂಘಟನೆ ಸೇರಿ, 1936ರಲ್ಲಿ ಅದರ ಪಕ್ಷದ ಉಪಾಧ್ಯಕ್ಷನಾದ. ಅವನ ಅಭಿಮಾನಿಗಳು ಈ ಪುಟವನ್ನು ಮಗುಚಿ ಹೋಗುತ್ತಾರೆ. ನಾನು ಮಗುಚುವುದಿಲ್ಲ, ಆದರೆ ಈ ಲೇಖನದ ವಿಷಯ ಅದಲ್ಲ.

1936ರ ಫೆಬ್ರವರಿಯಲ್ಲಿ ‘ವಿಲ್ ದ ಬ್ಯೂನಸ್ ಐರಿಸ್’ ಎಂಬ ವಿಮಾನ ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಅದರಲ್ಲಿ ಕೊಲ್ಲೆನೋ ಇದ್ದ.

ಅದೇ ವರ್ಷ ಡಿಸೆಂಬರ್ 7ರ ಬೆಳಗ್ಗೆ ಮೆರ್ಮೋಜ್ ಡಕಾರ್‌ನಿಂದ ‘ಕ್ರುವಾ ದ್ಯು ಸುದ್’ನಲ್ಲಿ ಹೊರಟ. ಅದು ಲಾತೆ 300, ನಾಲ್ಕು ಎಂಜಿನ್‌ನ ಹಾರುವ ದೋಣಿ. ಎಂಜಿನ್‌ಗಳನ್ನು ಜೋಡಿ ಜೋಡಿಯಾಗಿ ಒಂದರ ಬೆನ್ನಿಗೊಂದು ಕೂರಿಸಿದ್ದರು, ಮುಂದಿನದು ಎಳೆಯುತ್ತೆ, ಹಿಂದಿನದು ತಳ್ಳುತ್ತೆ. ಗಾಳಿಯ ತಡೆ ಕಡಿಮೆ ಮಾಡುವ ಜಾಣ ವಿನ್ಯಾಸವೇ. ಆದರೆ ಹಿಂದಿನ ಪ್ರೊಪೆಲ್ಲರ್ ಕಳಚಿಕೊಂಡರೆ ಹತ್ತಿರದಲ್ಲೇ ವಿಮಾನದ ಮೈಯಿದೆ. ಹೊರಟ ಸ್ವಲ್ಪ ಹೊತ್ತಿಗೆ ಬಲ ಹಿಂದಿನ ಎಂಜಿನ್‌ನ ಪ್ರೊಪೆಲ್ಲರ್‌ನಲ್ಲಿ ದೋಷ ಕಂಡು ಮೆರ್ಮೋಜ್ ವಾಪಸ್ ಬಂದ. ದೋರಾ ಕಲಿಸಿದ ಪಾಠ ಅದು, ಅನುಮಾನ ಬಂದರೆ ತಿರುಗು.

ಇನ್ನೊಂದು ವಿಮಾನ ತಯಾರಿರಲಿಲ್ಲ. ಟಪಾಲು ಕಾಯುತ್ತಿತ್ತು. ಇದ್ದಲ್ಲೇ ಒಂದಿಷ್ಟು ಸರಿಮಾಡಿ, ಮತ್ತೆ ಹೊರಟರು.

ಈ ಎರಡನೇ ನಿರ್ಧಾರ ನನ್ನನ್ನು ಬಹಳ ಕಾಡಿದೆ. ಹೊರಡು ಅಂದಿದ್ದು ಸಿರಿಯಾದ ಸಿಪಾಯಿಯಾ, ಟಪಾಲು ತಡವಾಗಬಾರದು ಅನ್ನೋ ಕಂಪನಿಯ ನಿಷ್ಠೆಯಾ? ಎರಡೂ ಅಂತ ಈಗ ಅನ್ನಿಸುತ್ತೆ. ದೋರಾ ಸರ್ಕಸ್ಸನ್ನು ಬಿಡಿಸಿದ, ಆದರೆ ಕೆಲಸ ಮುಗಿಸಲೇಬೇಕು ಎಂಬ ಸೇನೆಯ ಹಟವನ್ನು ಬಿಡಿಸಲಿಲ್ಲ, ಅದನ್ನು ಟಪಾಲು ಚೀಲಕ್ಕೆ ಕಟ್ಟಿದ. ಇವತ್ತಾದರೆ ಯಾವ ದೋಷ ಇದ್ದಾಗ ಹಾರಬಹುದು, ಯಾವುದಿದ್ದಾಗ ಹಾರಬಾರದು ಅಂತ ಪ್ರತಿ ವಿಮಾನಕ್ಕೂ ಒಂದು ಪಟ್ಟಿ ಇರುತ್ತೆ. ಎಂಜಿನಿಯರ್ ಸಹಿ ಹಾಕದೆ ವಿಮಾನ ಕದಲುವ ಹಾಗಿಲ್ಲ. ಎಟಿಪಿಎಲ್‌ಗೆ ಓದುವವನು ಬಾಯಿಪಾಠ ಮಾಡುವ ಬೇಜಾರಿನ ಕಾನೂನುಗಳಲ್ಲಿ ಇವೂ ಸೇರಿವೆ. ಬಾಸ್ ಕಾಯುತ್ತಿರಲಿ, ಪ್ರಯಾಣಿಕರು ಬೈಯುತ್ತಿರಲಿ, ಆಗಲ್ಲ ಅನ್ನಲು ಕ್ಯಾಪ್ಟನ್‌ಗೆ ಆಸರೆಯಾಗಿ ನಿಲ್ಲುವುದು ಆ ಪುಟಗಳೇ. ಮೆರ್ಮೋಜ್‌ಗೆ ಆ ಬೆಳಗ್ಗೆ ಅಂಥದ್ದೊಂದು ಪುಟದ ಆಸರೆ ಇರಲಿಲ್ಲ. ಇದ್ದದ್ದು ಅವನ ಹೆಸರು, ಅವನ ಧೈರ್ಯ, ಆ ಸಮುದ್ರವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ದಾಟಿದ ಅನುಭವ.

ಬೆಳಗ್ಗೆ 10 ಗಂಟೆ 47 ನಿಮಿಷಕ್ಕೆ ವಿಮಾನದಿಂದ ರೇಡಿಯೋ ಸಂದೇಶ ಬಂತು, ಬಲ ಹಿಂದಿನ ಎಂಜಿನ್ ನಿಲ್ಲಿಸುತ್ತಿದ್ದೇವೆ ಅಂತ. ಅದರ ನಂತರ ಏನೂ ಬರಲಿಲ್ಲ. ಪ್ರೊಪೆಲ್ಲರ್ ಕಳಚಿ ವಿಮಾನದ ಮೈಯನ್ನು ಸೀಳಿರಬೇಕು ಅನ್ನುವುದು ಆಗಿನಿಂದಲೂ ಇರುವ ಊಹೆ. ಮೆರ್ಮೋಜ್ ಜೊತೆ ಇನ್ನೂ ನಾಲ್ವರಿದ್ದರು: ಪಿಶೋದು, ಎಜಾನ್, ಕ್ರುವೆಯೆ, ಲಾವಿದಾಲಿ. ಸಮುದ್ರದಲ್ಲಿ ಹುಡುಕಿದರು, ವಿಮಾನವೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಎರಡು ದಿನ ಕಳೆದಿದ್ದರೆ ಮೆರ್ಮೋಜ್‌ಗೆ 35 ತುಂಬುತ್ತಿತ್ತು.