ಹೆನ್ರಿ ಮಾರ್ಟಿನ್

ನಮ್ಮ ನಾಲತವಾಡದ ಕಡೆ ದಿನದ ಮಾತಿನಲ್ಲಿ ಜಮೀನು, ದರಬಾರು ಮೊದಲಾದ ಪಾರಸಿ ಶಬ್ದಗಳು ಬೆರೆತಿವೆ. ಆ ಪಾರಸಿಗಾಗಿ ಪ್ರಾಣ ಸವೆಸಿದ ತರುಣನೊಬ್ಬನ ಚರಿತ್ರೆ ಇದು.

ಹೆನ್ರಿ ಮಾರ್ಟಿನ್ 1781ರಲ್ಲಿ ಇಂಗ್ಲಂಡಿನ ಟ್ರೂರೋದಲ್ಲಿ ಹುಟ್ಟಿದನು. ತಂದೆ ಗಣಿಯಲ್ಲಿ ದುಡಿದು ಮುಂದೆ ಗುಮಾಸ್ತನಾದವನು. ಮಗನು 1801ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗನಾದನು. ಆದರೂ ವಕೀಲಿಯ ಆಸೆ ಬಿಟ್ಟು, 1806ರಲ್ಲಿ ಕಂಪನಿ ಸರಕಾರದ ಪಾದ್ರಿಯಾಗಿ ಕಲಕತ್ತೆಗೆ ಬಂದನು. ಮೆಚ್ಚಿದ ಲಿಡಿಯಾ ಕೈಹಿಡಿಯಲೊಪ್ಪಲಿಲ್ಲ. ದಾನಾಪುರ, ಕಾನಪುರಗಳಲ್ಲಿದ್ದು ಹೊಸ ಒಡಂಬಡಿಕೆಯನ್ನು ಉರ್ದುವಿಗೆ ತಿರುಗಿಸಿದನು.

ಎದೆಯ ಬೇನೆ ಹೆಚ್ಚಿದರೂ 1811ರಲ್ಲಿ ಇರಾಣದ ಶಿರಾಜಕ್ಕೆ ಹೋದನು. ಅಲ್ಲಿಯ ಮುಸಲ್ಮಾನ ಪಂಡಿತರೊಡನೆ ತನ್ನ ಧರ್ಮದ ಪರವಾಗಿ ವಾದಿಸಿದನು. ಮಿರ್ಜಾ ಸೈಯದ್ ಅಲಿಯ ನೆರವಿನಿಂದಲೇ ಪಾರಸಿ ಅನುವಾದವನ್ನು 1812ರಲ್ಲಿ ಮುಗಿಸಿದನು. ತಾಯ್ನಾಡಿಗೆ ಮರಳುವಾಗ ಅದೇ ಅಕ್ಟೋಬರ 16ರಂದು ತುರ್ಕಿಯ ತೋಕಾತದಲ್ಲಿ ತೀರಿಕೊಂಡನು. ವಯಸ್ಸು 31. ಗ್ರಂಥವು 1815ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು, ನೋಡಲು ಅವನಿರಲಿಲ್ಲ.

ಮತಕ್ಕೆ ಸೇರಿದವರ ಲೆಕ್ಕ ಹಿಡಿದರೆ ಅವನ ಬಾಳು ಸೋಲೆನಿಸೀತು. ಆದರೆ ಒಪ್ಪದವರ ಭಾಷೆಯನ್ನು ಅವರ ಬಳಿಯೇ ಕುಳಿತು ಕಲಿತ ಆ ವಿನಯ ಸೋತಿಲ್ಲ. ಮನೆಯಲ್ಲಿ ಮೊದಲು ಪದವಿಯ ಹೊಸ್ತಿಲು ತುಳಿಯುತ್ತಿರುವ ನನ್ನಂಥವರಿಗೆ ಕಲಿಯಬೇಕಾದ ಪಾಠ ಅದೇ.