ಲಾಟರಿಯ ಲೆಕ್ಕ ಅರಿತಿದ್ದ ವಾಲ್ಟೇರ್

ಫ್ರಾನ್ಸಿನ ಖ್ಯಾತ ಸಾಹಿತಿ, ಚಿಂತಕ ವಾಲ್ಟೇರ್ ಅವರ ಲೇಖನಿಯ ಹರಿತ ಎಲ್ಲರಿಗೂ ಗೊತ್ತು. ಲೆಕ್ಕದಲ್ಲೂ ಅವರು ಎಷ್ಟು ಚುರುಕಾಗಿದ್ದರೆಂಬುದು ಹೆಚ್ಚಿನವರಿಗೆ ತಿಳಿಯದು.

1694ರ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಜನಿಸಿದ ಅವರ ನಿಜನಾಮ ಫ್ರಾನ್ಸ್ವಾ ಮರಿ ಅರುಯೆ. ಮಗ ವಕೀಲನಾಗಲಿ ಎಂಬುದು ನೋಟರಿಯಾಗಿದ್ದ ತಂದೆಯ ಆಸೆ. ಮಗನ ಮನಸ್ಸು ಕಾವ್ಯ, ನಾಟಕಗಳತ್ತ. ಆಳುವವರನ್ನು ಗೇಲಿ ಮಾಡಿ ಬರೆದುದಕ್ಕೆ 1717ರಲ್ಲಿ ಬ್ಯಾಸ್ಟೀಲ್ ಸೆರೆಮನೆ ಸೇರಿದರು. 1726ರಲ್ಲಿ ಸರದಾರ ಮನೆತನದವನೊಬ್ಬನೊಡನೆ ಜಗಳವಾಗಿ ಮತ್ತೆ ಸೆರೆವಾಸ, ಬಳಿಕ ಇಂಗ್ಲೆಂಡಿಗೆ ಗಡೀಪಾರು. ಕಾಸಿಲ್ಲದ ಬರಹಗಾರ ದೊಡ್ಡವರ ಹಂಗಿನಲ್ಲೇ ಬದುಕಬೇಕೆಂಬುದನ್ನು ಅವರು ಚೆನ್ನಾಗಿ ಕಂಡುಕೊಂಡರು.

ತಾಯ್ನಾಡಿಗೆ ಮರಳಿದಾಗ ಸರಕಾರ ಸಾಲದ ಹೊರೆಯಲ್ಲಿತ್ತು. ಬಡ್ಡಿ ಕಡಿತದಿಂದ ಪ್ಯಾರಿಸ್ ನಗರದ ಸಾಲಪತ್ರಗಳ ಬೆಲೆ ಕುಸಿದಿತ್ತು. ಪತ್ರ ಉಳ್ಳವರನ್ನು ಸಮಾಧಾನಪಡಿಸಲು ಸರಕಾರ ತಿಂಗಳಿಗೊಂದು ಲಾಟರಿ ಆರಂಭಿಸಿತು. ಪತ್ರದ ಮುಖಬೆಲೆಯ ಸಾವಿರದಲ್ಲೊಂದು ಪಾಲು ಟಿಕೆಟ್ ದರ. 1,000 ಲೀವ್ರ್ ಪತ್ರಕ್ಕೆ 1 ಲೀವ್ರ್. 1 ಲಕ್ಷದ ಪತ್ರಕ್ಕೆ 100 ಲೀವ್ರ್. ಆದರೆ ಗೆಲ್ಲುವ ಅವಕಾಶ ಮಾತ್ರ ಎಲ್ಲ ಟಿಕೆಟಿಗೂ ಸಮಾನ!

ಈ ಲೋಪವನ್ನು ಗಣಿತಜ್ಞ ಲಾ ಕೊಂಡಮೀನ್ ಗುರುತಿಸಿದರು. 1729ರಲ್ಲಿ ಔತಣವೊಂದರಲ್ಲಿ ವಿಷಯ ವಾಲ್ಟೇರ್ ಕಿವಿಗೆ ಬಿತ್ತು. ಬಹುಮಾನಗಳ ಒಟ್ಟು ಮೊತ್ತವನ್ನು ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಟಿಕೆಟ್‌ನ ನಿರೀಕ್ಷಿತ ಮೌಲ್ಯ ಸಿಗುತ್ತದೆ. 10 ರೂಪಾಯಿಯ 1 ಲಕ್ಷ ಟಿಕೆಟ್ ಮಾರಿ 5 ಲಕ್ಷ ರೂಪಾಯಿ ಹಂಚಿದರೆ ಟಿಕೆಟ್‌ನ ನಿಜಬೆಲೆ 5 ರೂಪಾಯಿ ಮಾತ್ರ. ಸಾಮಾನ್ಯ ಲಾಟರಿಗಳು ನಡೆಯುವುದು ಹೀಗೆ. ಇಲ್ಲಿ ಸರಕಾರವೇ ಕೈಯಿಂದ ಹಣ ಸೇರಿಸುತ್ತಿದ್ದುದರಿಂದ ಲೆಕ್ಕ ತಿರುವುಮುರುವಾಗಿತ್ತು. ಗೆಳೆಯರು ಕೂಟ ಕಟ್ಟಿ, ಸಣ್ಣ ಪತ್ರಗಳನ್ನು ಕಲೆಹಾಕಿ, ರಾಶಿ ರಾಶಿ ಟಿಕೆಟ್ ಕೊಂಡರು. ಒಂದೆರಡು ಟಿಕೆಟ್ ಕೊಂಡವನು ಅದೃಷ್ಟ ನಂಬಬೇಕು. ಇವರು ಲೆಕ್ಕ ನಂಬಿದರು, ಮತ್ತೆ ಮತ್ತೆ ಗೆದ್ದರು.

ಹಣಕಾಸು ಸಚಿವರು ಆಕ್ಷೇಪಿಸಿದರೂ ನಿಯಮ ಮುರಿದಿಲ್ಲವೆಂದೇ ತೀರ್ಮಾನವಾಯಿತು. 1730ರಲ್ಲಿ ಲಾಟರಿ ನಿಂತಿತು. ವಾಲ್ಟೇರ್ ಪಾಲಿಗೆ ಬಂದದ್ದು ಸುಮಾರು 5 ಲಕ್ಷ ಲೀವ್ರ್ ಎಂದು ಅಂದಾಜು.

ಆ ಹಣವನ್ನು ಅವರು ಮೋಜಿಗೆ ಚೆಲ್ಲಲಿಲ್ಲ. ಸಾಲ, ವ್ಯಾಪಾರಗಳಲ್ಲಿ ತೊಡಗಿಸಿ ಬೆಳೆಸಿದರು. ಮುಂದೆ ಫೆರ್ನೆ ಎಂಬ ಹಳ್ಳಿಯಲ್ಲಿ ನೆಲೆಸಿ, ಗಡಿಯಾರ ತಯಾರಿಕೆಗೆ ನೆರವಾಗಿ ಹಲವರಿಗೆ ಕೆಲಸ ಒದಗಿಸಿದರು. 1762ರಲ್ಲಿ ಅನ್ಯಾಯವಾಗಿ ಮರಣದಂಡನೆಗೆ ಗುರಿಯಾದ ಜಾನ್ ಕಲಾಸ್ ಪರ ಹೋರಾಡಿ, 1765ರಲ್ಲಿ ಆತ ನಿರ್ದೋಷಿಯೆಂದು ಸಾರುವಂತೆ ಮಾಡಿದರು. ಯಾರ ಹಂಗೂ ಇಲ್ಲದ ಬದುಕು ಇಂಥ ಧೈರ್ಯಕ್ಕೆ ಬೆನ್ನೆಲುಬಾಯಿತು.

1778ರ ಮೇ 30ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಲಾಟರಿ ಟಿಕೆಟ್ ಕೊಳ್ಳುವ ಮುನ್ನ ಭಾಗಾಕಾರ ಮಾಡಿ ನೋಡಬೇಕೆಂಬ ಪಾಠ ಅವರ ಬದುಕಿನಲ್ಲಿದೆ.